ಕಾಲಿಗೆ ಬ್ರೇಕ್ ಇರುವ ಗಾಡಿ

ನಮ್ಮ ತೋಟಕ್ಕೆ ಮೊದಲ ಎಟಿವಿ, ಅಂದರೆ ಹಳ್ಳದಿಣ್ಣೆಯಲ್ಲೂ ಓಡುವ ನಾಲ್ಕು ಚಕ್ರದ ಬೈಕು, ಬಂದದ್ದು ಆಟಕ್ಕಲ್ಲ, ನನ್ನ ಗಂಡನ ಕಾಲಿಗೋಸ್ಕರ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವರ ಬಲಗಾಲು ಸೊರಗಿಹೋಗಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ ಬಿಗಿದುಕೊಂಡೇ ಅವರು ಶಾಲೆಗೆ ಹೋದರು, ಹಾಲಿನ ಡೇರಿಯಲ್ಲಿ ವರ್ಷಗಟ್ಟಲೆ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು, ನನ್ನನ್ನು ಮದುವೆಯಾದರು. ಸಮತಟ್ಟಾದ ನೆಲದಲ್ಲಿ ಅವರಿಗೆ ಯಾರ ಆಸರೆಯೂ ಬೇಕಿರಲಿಲ್ಲ. ಆದರೆ ಸೂಲಿಬೆಲೆಯಿಂದ ಒಳಗಿರುವ ನಮ್ಮ ಜಮೀನು ಇಳಿಜಾರಿನಲ್ಲಿದೆ. ಮೇಲೆ ಮನೆ, ಅದರ ಕೆಳಗೆ ದ್ರಾಕ್ಷಿ ಚಪ್ಪರ, ಆಮೇಲೆ ರಾಗಿ ಹೊಲ, ಕೊನೆಯಲ್ಲಿ ಕೆರೆ ಅಂಗಳ. ಬದುಗಳನ್ನು ಹತ್ತಿ ಇಳಿದು ಬೋರ್‌ವೆಲ್ ತನಕ ಹೋಗಿ ಬರುವಷ್ಟರಲ್ಲಿ ಪಟ್ಟಿ ಉಜ್ಜಿ ಅವರ ತೊಡೆ ಕೆಂಪಾಗಿರುತ್ತಿತ್ತು. ಸಂಜೆ ನಾನು ಕೊಬ್ಬರಿ ಎಣ್ಣೆ ಹಚ್ಚುವಾಗ ಹಲ್ಲು ಕಚ್ಚಿಕೊಂಡು ಸುಮ್ಮನೆ ಕೂರುತ್ತಿದ್ದರು.

ಡೇರಿ ಕೆಲಸ ಬಿಟ್ಟ ವರ್ಷ ಅವರು ಆ ಗಾಡಿ ತಂದರು. ದಪ್ಪ ದಪ್ಪ ನಾಲ್ಕು ಟೈರು, ಮೋಟರ್‌ಬೈಕಿನಂಥ ಹ್ಯಾಂಡಲ್, ಮುಂದೆ ಹಿಂದೆ ಸಾಮಾನು ಕಟ್ಟಲು ಕಂಬಿ. ಅದನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಜಮೀನಿನೊಳಗೆ ಮಾತ್ರ. ನೆಲಕ್ಕೆ ಕುಕ್ಕರಿಸಿ ಕೂತ ಹಾಗೆ ಕಾಣುತ್ತಿದ್ದುದರಿಂದ ಊರಿನವರು ಅದಕ್ಕೆ ಕಪ್ಪೆ ಗಾಡಿ ಅಂತ ಹೆಸರಿಟ್ಟರು. ಬೆಳಿಗ್ಗೆ ಅದರ ಮೇಲೆ ಕೂತು ಚಪ್ಪರದ ಸಾಲುಗಳ ನಡುವೆ ಹೋಗುವಾಗ ಅವರ ಬೆನ್ನು ನೆಟ್ಟಗಿರುತ್ತಿತ್ತು. ನಾನು ಮದುವೆಯಾದಾಗಿನಿಂದ ಅವರ ಬೆನ್ನನ್ನು ಹಾಗೆ ನೋಡಿರಲಿಲ್ಲ.

ಒಂದೇ ತೊಂದರೆ ಇತ್ತು. ಆ ಗಾಡಿಯ ಒಂದು ಬ್ರೇಕ್ ಬಲಗಾಲಿನ ಬಳಿ ಇತ್ತು. ಅವರ ಬಲಗಾಲಿಗೆ ಸ್ಪರ್ಶ ಕಡಿಮೆ, ಪಟ್ಟಿಯ ಭಾರ ಬೇರೆ. ಪಾದ ತಾನಾಗಿ ಜಾರಿ ಪೆಡಲ್ ಮೇಲೆ ಕೂತುಬಿಡುತ್ತಿತ್ತು, ಗಾಡಿ ಮುಗ್ಗರಿಸಿ ನಿಲ್ಲುತ್ತಿತ್ತು. ಹೊಸಕೋಟೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಸಾಬರೊಬ್ಬರಿದ್ದಾರೆ, ನಾವು ಭಾಯ್ ಅಂತಲೇ ಕರೆಯುವುದು. ಅವರು ಬಂದು ನೋಡಿ, ಪೆಡಲಿನ ಸಂಪರ್ಕ ಕಳಚಿ ಬ್ರೇಕನ್ನೆಲ್ಲ ಕೈಗೆ ತಂದರು. ಪೆಡಲನ್ನು ಮಾತ್ರ ಬಿಟ್ಟರು. "ಇರ್ಲಿ ಅಣ್ಣ, ಕಾಲು ಇಟ್ಕೊಳ್ಳೋಕೆ ಆಗುತ್ತೆ" ಅಂದರು. ಅಂದಿನಿಂದ ಆ ಪೆಡಲು ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇದು ನನಗೆ ಗೊತ್ತಿತ್ತು. ನನ್ನ ಕಣ್ಣೆದುರಿಗೇ ಮಾಡಿದ್ದು.

ನಮಗೆ ಮಕ್ಕಳಿಲ್ಲ. ಭಾನುವಾರ ಬಂದರೆ ಮನೆ ಬಣಗುಡುತ್ತಿತ್ತು. ಗಾಡಿ ಬಂದ ಮೇಲೆ ಅದು ಬದಲಾಯಿತು. ಡೇರಿಯ ಹಳೇ ಗೆಳೆಯರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರತೊಡಗಿದರು. ಜಡಿಗೇನಹಳ್ಳಿಯಿಂದ ಇವರ ಚಿಕ್ಕಪ್ಪನ ಮಕ್ಕಳು ಬಂದರು. ದೊಡ್ಡಬಳ್ಳಾಪುರದಿಂದ ನನ್ನ ಅಕ್ಕನ ಸಂಸಾರ ಬರುತ್ತಿತ್ತು. ಎಲ್ಲರಿಗೂ ಒಂದೊಂದು ಸುತ್ತು ಬೇಕು. ಮೊದಮೊದಲು ಇವರೇ ಹಿಂದೆ ಕೂರಿಸಿಕೊಂಡು ಸುತ್ತಿಸುತ್ತಿದ್ದರು. ಬರಬರುತ್ತಾ ಜನ ತಾವೇ ಓಡಿಸಲು ಶುರುಮಾಡಿದರು. ಬ್ರೇಕು ಕೈಗೆ ಮಾತ್ರ ಅಂತ ಇವರೇ ಮೊದಲು ತೋರಿಸಿ ಕೊಡುತ್ತಿದ್ದರು. ಗಾಡಿ ಕೆರೆ ಅಂಗಳದಲ್ಲಿ ಧೂಳೆಬ್ಬಿಸುತ್ತಿದ್ದರೆ ಇವರು ಜಗಲಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಮನೆ ಹಿಂದಿನ ತೊಟ್ಟಿಯ ತನಕ ಹೋಗಬೇಕಾದರೂ ಗಾಡಿ ವಾಪಸ್ ಬರುವವರೆಗೆ ಕಾಯುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಅದು ಅವರ ಕಾಲು, ಆಟದ ಸಾಮಾನಲ್ಲ. ಆದರೆ ನಗುನಗುತ್ತಾ ಕೂತವರ ಮುಂದೆ ಏನು ಹೇಳುವುದು?

ಅಕ್ಕನ ಮಗಳು ನಮ್ಮ ಮನೆಯಲ್ಲೇ ಅರ್ಧ ಬೆಳೆದವಳು. ಬೇಸಿಗೆ ರಜೆಯೆಂದರೆ ಅವಳಿಗೆ ನಮ್ಮ ತೋಟವೇ. ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಆ ಭಾನುವಾರ ಅಪ್ಪ ಅಮ್ಮನ ಜೊತೆ ಬಂದವಳು ಕಾಲೇಜಿನ ಗೆಳತಿಯೊಬ್ಬಳನ್ನೂ ಕರೆದುಕೊಂಡು ಬಂದಿದ್ದಳು. ನನ್ನ ಗಂಡ ದ್ರಾಕ್ಷಿ ಕೊಳ್ಳಲು ಬಂದಿದ್ದವರ ಜೊತೆ ಚಪ್ಪರದ ಕೆಳಗೆ ಮಾತಾಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದೆ. ಹುಡುಗಿ ಬಾಗಿಲಲ್ಲಿ ನಿಂತು, "ಚಿಕ್ಕಮ್ಮ, ಕೀ ಕೊಡಿ. ಚಿಕ್ಕಪ್ಪ ನಿಮ್ಮ ಹತ್ರ ಇಸ್ಕೊ ಅಂದ್ರು" ಅಂದಳು.

ಅವಳು ಅಲ್ಲಿಯವರೆಗೆ ಚಿಕ್ಕಪ್ಪನ ಹಿಂದೆ ಕೂತಿದ್ದಳೇ ಹೊರತು ತಾನಾಗಿ ಓಡಿಸಿರಲಿಲ್ಲ. ಅದೂ ನನಗೆ ಗೊತ್ತಿತ್ತು. ಮುದ್ದೆ ಗಂಟಾಗುತ್ತದೆ ಅನ್ನುವ ಅವಸರದಲ್ಲಿ ಒಂದು ಕೈಯಲ್ಲಿ ಕೋಲು ಹಿಡಿದೇ ಇನ್ನೊಂದು ಕೈಯಲ್ಲಿ ಮೊಳೆಯಿಂದ ಕೀ ತೆಗೆದುಕೊಟ್ಟೆ. "ನಿಧಾನ ಕಣಮ್ಮ" ಅಂದೆ. ಅಷ್ಟೇ ಅಂದದ್ದು. ಕಾಲಿನ ಬ್ರೇಕ್ ಹಿಡಿಯುವುದಿಲ್ಲ ಅನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ಮನಸ್ಸಿಗೇ ಬರಲಿಲ್ಲ.

ರಾಗಿ ಹೊಲ ಮುಗಿದು ಕೆರೆ ಅಂಗಳಕ್ಕೆ ಇಳಿಯುವ ಕಡೆ ಒಂದು ಕಡಿದಾದ ಜಾಗವಿದೆ. ನಾನು ಮುದ್ದೆ ಕಟ್ಟುತ್ತಿರುವಾಗ ಆ ಕಡೆಯಿಂದ ಕೂಗು ಕೇಳಿಸಿತು. ಓಡಿಹೋದೆ. ಗಾಡಿ ಮಗುಚಿ ಬಿದ್ದಿತ್ತು. ಹಿಂದೆ ಕೂತಿದ್ದ ಗೆಳತಿ ಆಚೆಗೆ ಎಗರಿ ಬಿದ್ದು ಮೊಣಕೈ ತರಚಿಕೊಂಡಿದ್ದಳು. ನಮ್ಮ ಹುಡುಗಿಯ ಎಡಗಾಲು ಗಾಡಿಯ ಕೆಳಗಿತ್ತು. ಭಾವನೂ ದ್ರಾಕ್ಷಿಗೆ ಬಂದಿದ್ದವರೂ ಸೇರಿ ಎತ್ತುವಷ್ಟರಲ್ಲಿ ಅವಳ ಮುಖ ಸುಣ್ಣದ ಹಾಗಾಗಿತ್ತು. ನನ್ನ ಗಂಡ ಆ ಕಡಿದಾದ ಕಡೆ ಇಳಿಯಲಾಗದೆ ಮೇಲೆಯೇ ನಿಂತು, "ಏನಾಯ್ತು, ಏನಾಯ್ತು ಹೇಳ್ರೋ" ಅಂತ ಕೇಳುತ್ತಲೇ ಇದ್ದರು. ಅವರನ್ನು ಇಳಿಸಬೇಕಿದ್ದ ಗಾಡಿಯೇ ಕೆಳಗೆ ಬಿದ್ದಿತ್ತು.

ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು. ಮಾರನೆಯ ದಿನ ಆಸ್ಪತ್ರೆಯಲ್ಲಿ ಅವಳಿಗೆ ಸರಿಯಾಗಿ ಎಚ್ಚರವಾದಾಗ ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು. ಅವಳು ಮೊದಲು ಅಂದದ್ದು, "ಅಮ್ಮ, ಬ್ರೇಕ್ ಹಿಡೀಲಿಲ್ಲ. ಎಷ್ಟು ಒತ್ತಿದ್ರೂ ಹಿಡೀಲಿಲ್ಲ."

ಭಾವ ಅವಳ ತಲೆ ಸವರಿದರು. "ಭಯದಲ್ಲಿ ಹಾಗನ್ಸುತ್ತೆ ಮಗಳೇ. ಒತ್ತಿರಲ್ಲ ನೀನು."

ಅಕ್ಕ ಅಳುತ್ತಲೇ ಗದರಿದಳು. "ಸ್ಕೂಟಿ ಮೇಲೂ ಹಿಂಗೇ ಹಾರಾಡ್ತಾಳೆ. ಎಷ್ಟು ಸ್ಪೀಡಲ್ಲಿ ಹೋಗಿದ್ಯೇ?"

ನನ್ನ ಗಂಡ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಕಾಲಲ್ಲಿ ಒತ್ತಿದೆಯಾ, ಕೈಯಲ್ಲಿ ಹಿಡಿದೆಯಾ ಅಂತ ಕೇಳಿದರೆ ಮುಗಿದಿತ್ತು. ಇಬ್ಬರೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು, "ತಪ್ಪು ನಂದೇ. ನಾನೇ ಕೊಡು ಅಂದಿದ್ದು" ಅಂದರು. ಅದು ನಿಜದ ಒಂದು ತುಂಡು ಮಾತ್ರ. ಅಕ್ಕ ಆ ಮಾತಿಗೆ ತಲೆಯೆತ್ತಿ ಅವರನ್ನು ನೋಡಿದ ರೀತಿ ಮರೆಯುವಂಥದ್ದಲ್ಲ. ಆ ನೋಟ ನನ್ನ ಮೇಲೆ ಬೀಳಬೇಕಿತ್ತು. ನಾನು ಫ್ಲಾಸ್ಕ್ ತೊಳೆದು ತರುತ್ತೇನೆ ಅಂತ ಎದ್ದುಹೋದೆ.

ಆಮೇಲೆ ಮೂರು ತಿಂಗಳು ನಮ್ಮ ಮನೆಗೆ ಯಾರೂ ಬರಲಿಲ್ಲ. ಬೇಡ ಅಂತ ಯಾರೂ ಹೇಳಲಿಲ್ಲ, ಆದರೆ ಭಾನುವಾರ ಫೋನೂ ಬರಲಿಲ್ಲ. ಭಾಯ್ ಗಾಡಿಯನ್ನು ಸರಿಮಾಡಿ ಕಳಿಸಿದ್ದರು. ಇವರು ಅದರ ಮೇಲೆ ಚಪ್ಪರಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು. ಕೆರೆ ಅಂಗಳದ ಕಡೆ ಮಾತ್ರ ಹೋಗುತ್ತಿರಲಿಲ್ಲ. ನಾನು ವಾರಕ್ಕೊಮ್ಮೆ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ ಹುಡುಗಿಯನ್ನು ನೋಡಿಕೊಂಡು ಬರುತ್ತಿದ್ದೆ. ಅಕ್ಕ ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದಳು. ಅದೇ ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. "ನಿನ್ನ ಗಂಡನ್ನ ಕರ್ಕೊಂಡು ಬರಬೇಡ, ನೋಡಿದ್ರೆ ಏನಾದ್ರೂ ಅಂದ್ಬಿಡ್ತೀನಿ" ಅನ್ನುತ್ತಿದ್ದಳು. ನಾನು ಸುಮ್ಮನೆ ಕಿತ್ತಳೆ ಹಣ್ಣು ಸುಲಿದು ಹುಡುಗಿಯ ಕೈಗೆ ಕೊಡುತ್ತಿದ್ದೆ.

ಹೀಗಿರುವಾಗ ಒಂದು ದಿನ ಊಟ ಮಾಡುತ್ತಾ ಇವರು, "ಇನ್ನೊಂದು ಗಾಡಿ ತರೋಣ ಅಂತಿದೀನಿ. ಸ್ವಲ್ಪ ಚಿಕ್ಕದು. ಬಂದೋರು ಓಡ್ಸೋಕೆ" ಅಂದರು.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. "ನಿಮಗೆ ಬುದ್ಧಿ ನೆಟ್ಟಗಿದ್ಯಾ? ಆ ಹುಡುಗಿ ಇನ್ನೂ ವಾಕರ್ ಹಿಡ್ಕೊಂಡು ಬಚ್ಚಲಿಗೆ ಹೋಗ್ತಿದಾಳೆ."

"ಅದಕ್ಕೇ ಕಣೆ. ನಂದು ನಂಗೆ ಮಾತ್ರ ಆಗೋ ಗಾಡಿ. ಅದನ್ನ ಬೇರೆಯವರಿಗೆ ಕೊಟ್ಟಿದ್ದೇ ತಪ್ಪು."

"ಕೊಡಬೇಡಿ ಹಂಗಾದ್ರೆ. ಯಾರಿಗೂ ಇಲ್ಲ ಅಂತ ಹೇಳಿ. ಮುಗೀತು."

ಅವರು ಅನ್ನಕ್ಕೆ ಸಾರು ಕಲಸಿಕೊಂಡರು. ಆಮೇಲೆ ತಟ್ಟೆ ನೋಡುತ್ತಲೇ ಹೇಳಿದರು. "ಇಸ್ಕೂಲಲ್ಲಿ ಹುಡುಗ್ರು ಕಬಡ್ಡಿ ಆಡೋವಾಗ ನಂಗೆ ಅಂಗಿ ಕಾಯೋ ಕೆಲಸ ಕೊಡೋರು. ಎಲ್ಲರ ಅಂಗಿನೂ ತೊಡೆ ಮೇಲಿಟ್ಕೊಂಡು ಆಟ ಮುಗಿಯೋ ತನಕ ಕೂತಿರ್ತಿದ್ದೆ. ಒಂದು ದಿನ ನಾನು ಹೋಗ್ಲಿಲ್ಲ. ಅವರು ಅಂಗಿನ ಬೇಲಿ ಮೇಲೆ ಹಾಕಿ ಆಡ್ಕೊಂಡ್ರು. ನಾನಿಲ್ಲ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಇವರೆಲ್ಲ ಬರೋದು ಗಾಡಿಗೆ ಅಂತ ನಂಗೊತ್ತು. ಬರ್ತಾರಲ್ಲ, ನಂಗಷ್ಟು ಸಾಕು."

ಮೂವತ್ತು ವರ್ಷ ಜೊತೆಗಿದ್ದೂ ಈ ಮಾತು ನಾನು ಕೇಳಿರಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಒಪ್ಪಿದೆ ಅಂತಲ್ಲ, ಬೇಡ ಅನ್ನುವ ಶಕ್ತಿ ಹೋಗಿತ್ತು.

ಆವತಿ ಕಡೆ ಬೆಟ್ಟದ ಬುಡದಲ್ಲಿ ಪೇಟೆಯವರಿಗೆ ಹಗ್ಗದ ಮೇಲೆ ನಡೆಯುವುದು, ಎಟಿವಿ ಓಡಿಸುವುದು ಎಲ್ಲ ಇದ್ದ ಒಂದು ಜಾಗ ಮುಚ್ಚುತ್ತಿತ್ತು. ಗಾಡಿಗಳನ್ನು ಮಾರುತ್ತಿದ್ದಾರೆ ಅಂತ ಭಾಯ್ ತಿಳಿಸಿದರು. ಅವರೇ ತಮ್ಮ ವ್ಯಾನಿನಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ತಗಡಿನ ಶೆಡ್ಡಿನ ಕೆಳಗೆ ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮೇಲೂ ಕೆಂಪು ಧೂಳು. ನೋಡಿಕೊಳ್ಳುತ್ತಿದ್ದ ಮಧ್ಯವಯಸ್ಸಿನ ಮನುಷ್ಯ ನನ್ನ ಗಂಡ ಕೋಲೂರಿ ಇಳಿಯುವುದನ್ನು ನೋಡಿ, ಮಾತನ್ನೆಲ್ಲ ಭಾಯ್ ಕಡೆಗೇ ತಿರುಗಿಸಿದ. "ಯಾರಿಗೆ ಬೇಕಾಗಿತ್ತು?" ಅಂತ ಅವರನ್ನೇ ಕೇಳಿದ.

"ಅಣ್ಣನ್ನ ಕೇಳಿ. ತಗೊಳ್ಳೋರು ಅವರು" ಅಂದರು ಭಾಯ್.

ಮೊದಲು ತೋರಿಸಿದ್ದು ತೀರಾ ಪುಟ್ಟದು. ಮಕ್ಕಳದು. ಅದಕ್ಕೆ ಒಂದು ರಿಮೋಟ್ ಇತ್ತು, ದೂರದಿಂದಲೇ ಒತ್ತಿದರೆ ಎಂಜಿನ್ ನಿಲ್ಲುತ್ತಿತ್ತು. ಅದು ನನಗೆ ತುಂಬಾ ಹಿಡಿಸಿತು. ಇಂಥದ್ದು ಕೈಯಲ್ಲಿದ್ದರೆ ಜಗಲಿಯಲ್ಲಿ ನಿಂತೇ ಯಾರನ್ನಾದರೂ ನಿಲ್ಲಿಸಬಹುದಲ್ಲ. ಭಾಯ್ ನನ್ನನ್ನು ಕೂತು ನೋಡಲು ಹೇಳಿದರು. ಸೀರೆ ಸಿಕ್ಕಿಸಿಕೊಂಡು ಕೂತೆ. ಹ್ಯಾಂಡಲ್ ತಿರುಗಿಸಿದರೆ ನನ್ನ ಮೊಣಕಾಲಿಗೆ ಬಡಿಯುತ್ತಿತ್ತು.

"ನೋಡಿ ಮೇಡಂ, ದೊಡ್ಡೋರು ಕೂತ್ರೆ ಇದು ತಿರುಗಲ್ಲ. ತಿರುವಲ್ಲಿ ಬೀಳುತ್ತೆ. ಚಿಕ್ಕದು ಅಂದ್ರೆ ಸೇಫು ಅಂತಲ್ಲ. ಕೂರೋರ ಮೈಗೆ ಸರಿಹೋಗ್ಬೇಕು" ಅಂದರು ಭಾಯ್.

ಇವರ ಕಣ್ಣು ಆಗಲೇ ಬೇರೆ ಕಡೆ ಹೋಗಿತ್ತು. ಸಾಲಿನ ಕೊನೆಯಲ್ಲಿ ಎತ್ತರದ ಸ್ಪ್ರಿಂಗಿನ, ಚೂಪು ಮೂತಿಯ ಹಳದಿ ಗಾಡಿಯೊಂದಿತ್ತು. ಗಿಯರ್ ಇದ್ದದ್ದು. ಇವರು ಅದರ ಸೀಟಿನ ಮೇಲಿನ ಧೂಳನ್ನು ಕೈಯಿಂದ ಒರೆಸುತ್ತಾ, "ಹುಡುಗ್ರು ಇದನ್ನ ನೋಡಿದ್ರೆ ಬಿಡಲ್ಲ" ಅಂದರು.

"ಅದಕ್ಕೇ ಬೇಡ" ಅಂದೆ.

ಅವರು ಕೈ ತೆಗೆದರು. ನನ್ನ ಮಾತು ಸ್ವಲ್ಪ ಜೋರಾಗಿಯೇ ಬಂದಿತ್ತು. ಶೆಡ್ಡಿನ ಮನುಷ್ಯ ಬೇರೆ ಕಡೆ ನೋಡಿದ.

ಕೊನೆಗೆ ಭಾಯ್ ಬಗ್ಗಿ ಬಗ್ಗಿ ನೋಡುತ್ತಾ ನಿಂತದ್ದು ಮಧ್ಯದ ಒಂದು ಗಾಡಿಯ ಹತ್ತಿರ. ಬಣ್ಣ ಮಾಸಿದ ಕೆಂಪು ಗಾಡಿ. ನಮ್ಮ ದೊಡ್ಡದರ ಅರ್ಧಕ್ಕಿಂತ ಕಡಿಮೆ ತೂಕ. ಗಿಯರ್ ಹಾಕುವ ಗೋಜಿಲ್ಲ, ಹೆಬ್ಬೆರಳಲ್ಲಿ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಧಾನವಾಗುತ್ತದೆ. ಸೀಟು ಒಬ್ಬರಿಗೇ. ಆಕ್ಸಿಲರೇಟರಿನ ಪಕ್ಕದಲ್ಲಿ ಒಂದು ಸ್ಕ್ರೂ ಇತ್ತು. ಅದನ್ನು ಒಳಕ್ಕೆ ತಿರುಗಿಸಿಟ್ಟರೆ ಎಷ್ಟು ಒತ್ತಿದರೂ ಗಾಡಿಯ ವೇಗ ಮನುಷ್ಯ ಓಡುವಷ್ಟನ್ನು ಮೀರುವುದಿಲ್ಲ. ಒಂದು ದಾರವಿತ್ತು, ಓಡಿಸುವವರು ಮಣಿಕಟ್ಟಿಗೆ ಕಟ್ಟಿಕೊಂಡರೆ, ಬಿದ್ದಾಗ ಎಳೆದು ಎಂಜಿನ್ ತಾನಾಗಿ ನಿಲ್ಲುತ್ತದೆ. ಕೈಗೂ ಬ್ರೇಕ್ ಇತ್ತು, ಬಲಗಾಲಿಗೂ ಇತ್ತು. ಭಾಯ್ ಕಾಲಿನ ಪೆಡಲನ್ನು ಅಂಗೈಯಿಂದ ನಾಲ್ಕೈದು ಸಲ ಒತ್ತಿದರು. ಆಮೇಲೆ ನನ್ನ ಗಂಡ ಆ ಕಡೆ ಶೆಡ್ಡಿನ ಮನುಷ್ಯನ ಜೊತೆ ಕಾಗದ ನೋಡುತ್ತಿರುವಾಗ, ಕೂತಲ್ಲಿಂದಲೇ ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು.

"ಮೇಡಂ, ಒಂದು ಕೇಳ್ಬೇಕಿತ್ತು. ಆ ಮಗು ಬಿದ್ದಳಲ್ಲ. ಕಾಲಲ್ಲಿ ಒತ್ತಿದ್ಲಾ?"

ನಾನು ಇವರು ನಿಂತಿದ್ದ ಕಡೆ ತಿರುಗಿ ನೋಡಿದೆ.

"ಗಾಡಿ ರಿಪೇರಿಗೆ ಬಂದಾಗ ನೋಡ್ದೆ. ಪೆಡಲ್ ಬಗ್ಗೋಗಿತ್ತು. ಬಿದ್ದು ಬಗ್ಗಿದ್ದಲ್ಲ ಅದು, ಯಾರೋ ಮೇಲೆ ನಿಂತು ಒತ್ತಿದ ಹಂಗಿತ್ತು." ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. "ಆ ಪೆಡಲ್ ನಾನು ಬಿಡಬಾರ್ದಾಗಿತ್ತು. ಕತ್ತರಿಸಿ ಬಿಸಾಕಿದ್ರೆ ಆ ಮಗು ಕೈಯಲ್ಲಾದ್ರೂ ಹುಡುಕ್ತಿದ್ಲು. ನಮಾಜಿಗೆ ನಿಂತಾಗಲೂ ಅದೇ ನೆನಪಾಗುತ್ತೆ ಮೇಡಂ. ಅವರ ಮನೆಯವ್ರಿಗೆ ನಾನೇ ಬಂದು ಹೇಳ್ಲಾ?"

"ಬೇಡ. ಹೇಳಬೇಕಾಗಿದ್ದು ನಾನು" ಅಂದೆ. ಅಷ್ಟು ದಿನದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿ, ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತೆ.

ನನ್ನ ಗಂಡ ವಾಪಸ್ ಬಂದು ಕೆಂಪು ಗಾಡಿಯನ್ನು ಒಂದು ಸಲ ಓಡಿಸಿ ನೋಡುತ್ತೇನೆ ಅಂದರು. ಭಾಯ್ ಪಕ್ಕಕ್ಕೆ ಸರಿದು ನಿಂತರು. ಇವರು ಎರಡೂ ಕೈಯಲ್ಲಿ ಕಾಲೆತ್ತಿ ಆಚೆ ಹಾಕಿ ಕೂತರು. ಎಂಜಿನ್ ಶುರುವಾಯಿತು. ಹೆಬ್ಬೆರಳು ಒತ್ತಿದರು. ಗಾಡಿ ಕೂಗಿತು, ನಡುಗಿತು, ಒಂದು ಗೇಣೂ ಮುಂದೆ ಹೋಗಲಿಲ್ಲ. ಮತ್ತೆ ಒತ್ತಿದರು. ಭಾಯ್ ಮಂಡಿಯೂರಿ ಅವರ ಬಲಪಾದವನ್ನು ಪೆಡಲಿನ ಮೇಲಿಂದ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು. ಗಾಡಿ ಎರಡು ಮಾರು ಹೋಗಿ ಮತ್ತೆ ಮುಗ್ಗರಿಸಿ ನಿಂತಿತು. ಪಾದ ವಾಪಸ್ ಅಲ್ಲಿಗೇ ಬಂದಿತ್ತು.

ಅವರು ಎಂಜಿನ್ ಆರಿಸಿದರು. "ಇದನ್ನೂ ಅದೇ ಥರ ಮಾಡ್ಕೊಡಿ ಭಾಯ್. ಕೈಗೇ ತಂದ್ಬಿಡಿ. ಅವಾಗವಾಗ ನಾನೂ ಓಡ್ಸ್ತೀನಿ."

ಭಾಯ್ ನನ್ನ ಕಡೆ ನೋಡಿದರು. ಈ ಒಂದು ಮಾತು ನನಗೆ ಬಿಟ್ಟದ್ದು ಅನ್ನುವ ಹಾಗಿತ್ತು ಆ ನೋಟ. ನನ್ನ ಗಂಡ ತಮ್ಮ ಕಾಲಿಗೋಸ್ಕರ ಕೇಳಿದ್ದು ಯಾವುದನ್ನೂ ಬೇಡ ಅಂದವಳಲ್ಲ ನಾನು. ನಿಮ್ಮಿಂದ ಆಗಲ್ಲ ಅನ್ನುವ ಮಾತನ್ನಂತೂ ಮದುವೆಯಾದ ದಿನದಿಂದ ಬಾಯಿಗೆ ತಂದಿರಲಿಲ್ಲ. ಬೇರೆಯವರು ಅದನ್ನು ಬೇಕಾದಷ್ಟು ಸಲ ಹೇಳಿದ್ದರು.

"ಬೇಡ ರೀ. ಇದು ಹೆಂಗಿದ್ಯೋ ಹಂಗೇ ಇರ್ಲಿ. ಕಾಲಲ್ಲಿ ಒತ್ತೋರಿಗೆ ಕಾಲಲ್ಲೇ ಸಿಗ್ಬೇಕು."

ಅವರು ಗಾಡಿಯ ಮೇಲೆ ಕೂತೇ ಇದ್ದರು. ಇಳಿಯಲು ಯಾರ ಕೈಯನ್ನೂ ಕೇಳಲಿಲ್ಲ, ತಾವೇ ಇಳಿದರು. "ಸರಿ, ಇದೇ ಆಗ್ಲಿ" ಅಂದರು. ವ್ಯಾನಿನಲ್ಲಿ ವಾಪಸ್ ಬರುವಾಗ ಮುಂದಿನ ಸೀಟಿನಲ್ಲಿ ಕೂತವರು ದಾರಿಯುದ್ದಕ್ಕೂ ಕಿಟಕಿಯ ಆಚೆಗೇ ನೋಡುತ್ತಿದ್ದರು. ನಮ್ಮ ಕಡೆಯ ವಿಜಯಪುರ ದಾಟಿದ ಮೇಲೆ ನಾನು ಹಿಂದಿನಿಂದ ಅವರ ಹೆಗಲು ಮುಟ್ಟಿ, "ನಾಳೆ ಅಕ್ಕನ ಮನೆಗೆ ಹೋಗಿ ಬ್ರೇಕಿನ ವಿಷಯ ಹೇಳ್ಬಿಡ್ತೀನಿ" ಅಂದೆ.

"ನಾನೂ ಬರ್ತೀನಿ" ಅಂದರು. ತಿರುಗಿ ನೋಡಲಿಲ್ಲ.

ಅಕ್ಕನ ಮನೆಯಲ್ಲಿ ಪಕ್ಕದ ಮಗ್ಗಗಳ ಸದ್ದು ದಿನವಿಡೀ ಕೇಳಿಸುತ್ತಿರುತ್ತದೆ. ಆ ದಿನ ಅದೂ ಒಂದು ಉಪಕಾರವೇ ಆಯಿತು, ಮಾತು ಆಚೆಗೆ ಹೋಗಲಿಲ್ಲ. ಬಾಗಿಲು ತೆಗೆದ ಅಕ್ಕ ಇವರನ್ನು ನೋಡಿ ಏನೂ ಅನ್ನದೆ ಪಕ್ಕಕ್ಕೆ ಸರಿದಳು. ಭಾವ ಕೆಲಸಕ್ಕೆ ಹೋಗಿದ್ದರು. ಹುಡುಗಿ ದಿವಾನದ ಮೇಲೆ ಕಾಲು ಚಾಚಿ ಕೂತು ಓದುತ್ತಿದ್ದಳು. ನಾನು ಕೂರುವ ಮೊದಲೇ ಹೇಳಿದೆ. ಕೂತರೆ ಹೇಳಲಾರೆ ಅನ್ನಿಸಿತ್ತು. ಕಾಲಿನ ಪೆಡಲಿನ ಸಂಪರ್ಕ ಕಳಚಿದ್ದು, ಕೀ ನಾನು ಕೊಟ್ಟದ್ದು, ಹೇಳಬೇಕಾದ್ದನ್ನು ಹೇಳದೇ ಇದ್ದದ್ದು, ಆಸ್ಪತ್ರೆಯಲ್ಲಿ ಅವಳು ಬ್ರೇಕ್ ಹಿಡಿಯಲಿಲ್ಲ ಅಂದಾಗ ಗೊತ್ತಿದ್ದೂ ಬಾಯಿಮುಚ್ಚಿಕೊಂಡದ್ದು.

"ಇವರ ತಪ್ಪಲ್ಲ ಅಕ್ಕ. ನಂದು" ಅಂದೆ.

"ನಾನೂ ಬಾಯಿಬಿಡ್ಲಿಲ್ಲ" ಅಂದರು ನನ್ನ ಗಂಡ.

ಅಕ್ಕ ನಮ್ಮಿಬ್ಬರನ್ನೂ ನೋಡಲಿಲ್ಲ. ಮಗಳನ್ನು ನೋಡುತ್ತಾ ನಿಂತಳು. "ಮೂರು ತಿಂಗಳು ಇವಳ್ನ ಬೈದಿದೀನಿ ಕಣೇ ನಾನು. ಹಾರಾಡಿ ಬಿದ್ಲು, ಮೇಲೆ ಸುಳ್ಳು ಬೇರೆ ಹೇಳ್ತಾಳೆ ಅಂತ. ಬಂದೋರ ಮುಂದೆಲ್ಲ ಅಂದಿದೀನಿ. ನೀನು ವಾರವಾರ ಬಂದು ಇಲ್ಲೇ ಕೂತು ಕೇಳಿಸ್ಕೋತಿದ್ದೆ."

 ಅದು ನಿಜ. ಆ ಬೈಗುಳಗಳನ್ನು ನಾನು ಕಿತ್ತಳೆ ಸುಲಿಯುತ್ತಾ ಕೇಳಿದ್ದೆ.

ಹುಡುಗಿ ಪುಸ್ತಕ ಮಡಿಚಿದಳು. "ಆ ಪೆಡಲ್ ಒತ್ತಿದ್ರೆ ಏನೂ ಆಗ್ತಿರ್ಲಿಲ್ವಾ ಚಿಕ್ಕಮ್ಮ?"

"ಇಲ್ಲಮ್ಮ."

"ಹಂಗಾದ್ರೆ ನಾನು ಒತ್ತಿದ್ದೆ." ಅವಳ ದನಿ ಗಟ್ಟಿಯಾಗಿರಲಿಲ್ಲ. "ಎಲ್ಲರೂ ಒತ್ತಿಲ್ಲ ಒತ್ತಿಲ್ಲ ಅಂದು ಅಂದು ನಂಗೇ ಡೌಟ್ ಬಂದ್ಬಿಟ್ಟಿತ್ತು. ಕಣ್ಮುಚ್ಚಿದ್ರೆ ಒತ್ತಿದ ಹಂಗೂ ನೆನಪು, ಒತ್ತದೇ ಇದ್ದ ಹಂಗೂ ನೆನಪು." ಆಮೇಲೆ ಅತ್ತಳು. ಬಿದ್ದ ದಿನವೂ, ಆಸ್ಪತ್ರೆಯಲ್ಲೂ ಅವಳು ಹಾಗೆ ಅತ್ತಿರಲಿಲ್ಲ. ನಾನು ಹತ್ತಿರ ಹೋಗಲು ಎರಡು ಹೆಜ್ಜೆ ಇಟ್ಟೆ. ಅಕ್ಕ ನಡುವೆ ಬಂದು ಮಗಳ ಪಕ್ಕ ಕೂತಳು. ನಾವು ಸ್ವಲ್ಪ ಹೊತ್ತು ನಿಂತಿದ್ದು ಹೊರಟೆವು. ಹೋಗಿಬನ್ನಿ ಅಂತ ಯಾರೂ ಹೇಳಲಿಲ್ಲ.

ಅದರ ಮರುವಾರ ಕೆಂಪು ಗಾಡಿಯನ್ನು ಲಗೇಜ್ ಆಟೊದಲ್ಲಿ ಮನೆಗೆ ತಂದರು. ಭಾಯ್ ಅದೇ ದಿನ ದೊಡ್ಡ ಗಾಡಿಯ ಪೆಡಲನ್ನು ಬುಡಕ್ಕೆ ಕತ್ತರಿಸಿ ಹಾಕಿದರು. ಕಾಲಿಡಲು ಬೇರೆಯೇ ಒಂದು ತಟ್ಟೆ ಬೆಸುಗೆ ಹಾಕಿಕೊಟ್ಟರು. ಇವರು ಡೇರಿಯ ಗೆಳೆಯರಿಗೆ ಫೋನ್ ಮಾಡಿದರು. ಒಂದು ಭಾನುವಾರ ಎರಡು ಸಂಸಾರಗಳು ಬಂದವು. ಕೆಂಪು ಗಾಡಿಯ ಕೀ ಈಗ ನನ್ನ ಸೆರಗಿನ ಗಂಟಿನಲ್ಲಿರುತ್ತದೆ. ಯಾರೇ ಕೇಳಲಿ, ಒಲೆ ಆರಿಸಿ ಅವರ ಜೊತೆ ಅಂಗಳಕ್ಕೆ ಹೋಗುತ್ತೇನೆ. ಹೆಲ್ಮೆಟ್ ಹಾಕಿಸುತ್ತೇನೆ, ದಾರ ಕಟ್ಟುತ್ತೇನೆ, ಕೈ ಬ್ರೇಕ್ ಕಾಲು ಬ್ರೇಕ್ ಎರಡನ್ನೂ ನನ್ನೆದುರಿಗೇ ಒತ್ತಿಸುತ್ತೇನೆ. ಮನೆಯ ಮುಂದಿನ ಸಮತಟ್ಟು ಜಾಗ ಬಿಟ್ಟು ಆಚೆ ಹೋಗುವ ಹಾಗಿಲ್ಲ ಅನ್ನುತ್ತೇನೆ. ಕೆಲವರಿಗೆ ಇದು ಅತಿ ಅನ್ನಿಸುತ್ತದೆ. ಇವರ ಚಿಕ್ಕಪ್ಪನ ಮಗನೊಬ್ಬ, "ಅತ್ತಿಗೆ, ಆರ್‌ಟಿಒ ಆಫೀಸ್ ತೆಗೆದುಬಿಡಿ" ಅಂತ ನಕ್ಕ. ನಾನು ನಗಲಿಲ್ಲ. ಗಾಡಿ ಸುತ್ತು ಹೊಡೆಯುವಷ್ಟು ಹೊತ್ತೂ ಅಂಗಳ ಬಿಟ್ಟು ಕದಲುವುದಿಲ್ಲ. ವೇಗ ಇಲ್ಲದ ಗಾಡಿ ಅಂತ ಹುಡುಗರು ಒಂದೆರಡು ಸುತ್ತಿಗೇ ಬೇಸರಪಟ್ಟು ಇಳಿಯುತ್ತಾರೆ. ಬರುವವರ ಸಂಖ್ಯೆಯೂ ಮೊದಲಿನಷ್ಟಿಲ್ಲ. ಇವರು ಅದರ ಬಗ್ಗೆ ಮಾತಾಡುವುದಿಲ್ಲ. ಬಂದವರು ಹೊರಟ ಮೇಲೆ ಕೆಂಪು ಗಾಡಿಗೆ ತಾವೇ ನೀರು ಹಾಕಿ ತೊಳೆದು, ಬಟ್ಟೆ ಹೊದಿಸುತ್ತಾರೆ. ಮತ್ತೆ ಅದರ ಮೇಲೆ ಕೂತದ್ದನ್ನು ನಾನು ನೋಡಿಲ್ಲ.

ಅಕ್ಕ ಎಷ್ಟೋ ತಿಂಗಳು ಫೋನ್ ಎತ್ತಲಿಲ್ಲ. ಹುಡುಗಿಯ ಪರೀಕ್ಷೆ ಮುಗಿದ ಸುದ್ದಿ ಬೇರೆಯವರಿಂದ ತಿಳಿಯಿತು. ಮಳೆ ಶುರುವಾಗಿ ರಾಗಿ ಬಿತ್ತುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳೊಬ್ಬಳೇ ಬಸ್ಸಿಳಿದು ಬಂದಳು. ಅಮ್ಮನಿಗೆ ಹೇಳಿಯೇ ಬಂದದ್ದಂತೆ. ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಳು. ಸರಿಹೋಗಬಹುದು, ಇನ್ನೊಂದು ವರ್ಷ ಬೇಕು ಅಂದಿದ್ದಾರೆ ಡಾಕ್ಟರು. ಅವಳು ನಡೆದು ಬರುವುದನ್ನು ಜಗಲಿಯಿಂದ ನೋಡಿದ ನನ್ನ ಗಂಡ ಎದ್ದು ಒಳಗೆ ಹೋಗಿಬಿಟ್ಟರು. ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ನಾನು ಕರೆದರೂ ಏಳಲಿಲ್ಲ.

ಅವಳು ಕೆಂಪು ಗಾಡಿಯ ಬಟ್ಟೆ ಸರಿಸಿ ನೋಡಿ ಮತ್ತೆ ಹೊದಿಸಿದಳು. ಕಾಫಿ ಕುಡಿದು, ಲೋಟ ಹಿಡಿದೇ ಕೋಣೆಯ ಬಾಗಿಲಿಗೆ ಹೋದಳು.

"ಚಿಕ್ಕಪ್ಪ, ಮೆಟ್ಲು ಇಳಿಯೋವಾಗ ಭಯ ಆಗುತ್ತೆ. ಹತ್ತೋವಾಗ ಏನಿಲ್ಲ. ನೀವು ಹೆಂಗೆ ಇಳೀತೀರಾ?"

ಇವರು ತಿರುಗಿದರು. ಸ್ವಲ್ಪ ಹೊತ್ತು ಅವಳ ಕಾಲನ್ನೇ ನೋಡಿದರು. ಆಮೇಲೆ ಕೋಲು ತೆಗೆದುಕೊಂಡು ಎದ್ದು ಅವಳನ್ನು ಹಿತ್ತಲ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದರು.

"ಹತ್ತೋವಾಗ ಗಟ್ಟಿ ಕಾಲು ಮೊದ್ಲು. ಇಳಿಯೋವಾಗ ನೋವಿನ ಕಾಲು ಮೊದ್ಲು. ಗಟ್ಟಿ ಕಾಲು ಮೇಲೇ ಇದ್ದು ಮೈ ತಡ್ಕೊಳ್ಳುತ್ತೆ. ಅವಸರ ಮಾಡ್ಬೇಡ. ಇಲ್ನೋಡು" ಅಂತ ತಾವು ಒಂದು ಮೆಟ್ಟಿಲು ಇಳಿದು ತೋರಿಸಿದರು. ಅವಳು ಅವರ ಭುಜ ಹಿಡಿದು ಇಳಿದಳು. ತಪ್ಪಾಯಿತು, ಮತ್ತೆ ಹತ್ತಿದಳು. ಇಬ್ಬರೂ ನಾಲ್ಕು ಮೆಟ್ಟಿಲನ್ನು ಅರ್ಧ ಗಂಟೆ ಹತ್ತಿ ಇಳಿದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ, ಆಚೆ ಹೋಗಲಿಲ್ಲ. ಸಂಜೆ ಅವಳು ಹೊರಡುವಾಗ, "ಅಮ್ಮನೂ ಬರ್ತಾರೇನಮ್ಮ?" ಅಂತ ಕೇಳಿದೆ.

"ಗೊತ್ತಿಲ್ಲ ಚಿಕ್ಕಮ್ಮ. ಇನ್ನೂ ಸಿಟ್ಟಿದೆ ಅವರಿಗೆ. ನಂಗೂ ಇದೆ ಸ್ವಲ್ಪ" ಅಂದಳು. ಬಸ್ಸು ಬಂತು. ಗಟ್ಟಿ ಕಾಲನ್ನು ಮೊದಲಿಟ್ಟು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು ಕೂತಳು.